ಮ್ಯಾಕ್ರೋ ಯಾಕಿಷ್ಟು ನಿಧಾನ?

ಪ್ರಶ್ನೆ: ಅಂಗಡಿಯ ಸ್ಟಾಕ್ ಲೆಕ್ಕಕ್ಕೆ ಎಕ್ಸೆಲ್‌ನಲ್ಲಿ ಮ್ಯಾಕ್ರೋ (ಕೆಲಸ ತಾನಾಗೇ ಮಾಡುವ ಚಿಕ್ಕ ಪ್ರೋಗ್ರಾಂ) ಬರೆದಿದ್ದೇನೆ. 20,000 ಸಾಲು ಮುಗಿಸುವಷ್ಟರಲ್ಲಿ ಕಾಫಿ ಕುಡಿದು ಬರಬಹುದು, ಫ್ಯಾನ್ ಬೇರೆ ಒಂದೇ ಸಮನೆ ಕೂಗುತ್ತದೆ. ಹೊಸ ಲ್ಯಾಪ್‌ಟಾಪ್ ಬೇಕಾ?

ಉತ್ತರ: ಬೇಡ, ದುಡ್ಡು ಉಳಿಸಿ! ನಿಮ್ಮ ಲೂಪ್ (ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಕೋಡ್) ಒಂದೊಂದೇ ಸೆಲ್ ಓದಿ ಬರೆಯುತ್ತಿರಬೇಕು, ಅಲ್ವಾ? ಅಂಗಡಿಯಿಂದ ಒಂದೊಂದೇ ಅಕ್ಕಿಕಾಳು ಹೊತ್ತು ತಂದ ಹಾಗೆ ಅದು. ಇಡೀ ರೇಂಜನ್ನು ಒಂದೇ ಸಲಕ್ಕೆ ವೇರಿಯಂಟ್ ಅರೇಗೆ (ಯಾವ ಬಗೆಯ ಡೇಟಾ ಆದರೂ ಹಿಡಿಯುವ, ಮೆಮೊರಿಯಲ್ಲಿನ ಪಟ್ಟಿ) ತುಂಬಿಕೊಂಡು, ಲೆಕ್ಕವನ್ನೆಲ್ಲ ಅಲ್ಲೇ ಮುಗಿಸಿ, ಕೊನೆಗೆ ಒಟ್ಟಿಗೇ ಶೀಟಿಗೆ ವಾಪಸ್ ಬರೆಯಿರಿ. ಜಾಸ್ತಿ ಲಾಭ ಇದರಲ್ಲೇ. ಜೊತೆಗೆ ಶುರುವಿನಲ್ಲಿ ಸ್ಕ್ರೀನ್‌ಅಪ್‌ಡೇಟಿಂಗ್ (ಬದಲಾದಾಗೆಲ್ಲ ಪರದೆಯನ್ನು ಹೊಸದಾಗಿ ತೋರಿಸುವುದು) ಆಫ್ ಮಾಡಿ, ಕ್ಯಾಲ್ಕುಲೇಷನ್ (ಸೂತ್ರಗಳ ಮರುಲೆಕ್ಕ) ಮ್ಯಾನ್ಯುಯಲ್‌ಗೆ ಹಾಕಿ. ಮುಗಿದ ಮೇಲೆ, ನಡುವೆ ಎರರ್ ಬಂದರೂ ಸರಿ, ಮತ್ತೆ ಆಟೊಮ್ಯಾಟಿಕ್‌ಗೆ ತನ್ನಿ. ನಾನೊಮ್ಮೆ ಮರೆತು, ಮೊತ್ತ ಯಾಕೆ ಬದಲಾಗುತ್ತಿಲ್ಲ ಅಂತ ಅರ್ಧ ದಿನ ತಲೆ ಕೆರೆದುಕೊಂಡಿದ್ದೆ.