ಬೆನ್ನುನೋವು ತಡೆಯಲು ಮೊಬೈಲ್ ಆಟ ಸಾಕೇ?

ಪ್ರಶ್ನೆ: ನಾನು ಹಾಸನದ ಖಾಸಗಿ ಆಸ್ಪತ್ರೆಯೊಂದರಲ್ಲಿ 11 ವರ್ಷಗಳಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ರೋಗಿಗಳನ್ನು ಎತ್ತಿ ಕೂರಿಸಿ, ಮಗ್ಗುಲು ಬದಲಿಸಿ, ಸೊಂಟನೋವು ಅಂಟಿಕೊಂಡಿದೆ. ಸರಿಯಾಗಿ ಎತ್ತುವ ಕ್ರಮವನ್ನು ಮೊಬೈಲ್ ಆಟದ ಮೂಲಕ ಕಲಿಸುವುದಾಗಿ ಆಡಳಿತದವರು ಹೇಳುತ್ತಿದ್ದಾರೆ. ಇದರಿಂದ ಪ್ರಯೋಜನವಿದೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಆ ಆಟ ಏನನ್ನು ಕಲಿಸುತ್ತದೆ ಎಂಬುದರ ಮೇಲೆ ಪ್ರಯೋಜನ ನಿಂತಿದೆ. ಮಂಡಿ ಬಗ್ಗಿಸಿ, ಬೆನ್ನು ನೇರವಾಗಿಟ್ಟು ಎತ್ತಬೇಕೆಂಬ ಹಳೆಯ ಪಾಠಕ್ಕೇ ಬಣ್ಣ, ಅಂಕ ಸೇರಿಸಿದ್ದರೆ ಹೆಚ್ಚೇನನ್ನೂ ನಿರೀಕ್ಷಿಸಬೇಡಿ. ಭಾರ ಎತ್ತುವ ಕ್ರಮದ ಸಲಹೆ, ತರಬೇತಿಗಳಿಂದ ಬೆನ್ನುನೋವು ತಪ್ಪುವುದಿಲ್ಲವೆಂದು 2011ರ ಕೊಕ್ರೇನ್ ವಿಮರ್ಶೆ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡುವ ವರದಿ) ಕಂಡುಕೊಂಡಿದೆ. ಭಂಗಿ ಎಷ್ಟೇ ಸರಿಯಿದ್ದರೂ ರೋಗಿಯ ತೂಕ ಇಳಿಯುವುದಿಲ್ಲವಲ್ಲ! ಅಮೆರಿಕದ ತಜ್ಞರು 2007ರಲ್ಲಿ ಸೂಚಿಸಿದ ಮಿತಿಯಂತೆ, ಎಲ್ಲವೂ ಅನುಕೂಲವಾಗಿರುವಾಗಲೂ ಒಬ್ಬರು ಕೈಯಿಂದ ಎತ್ತಬಹುದಾದ ರೋಗಿಯ ಭಾರ 35 ಪೌಂಡ್, ಅಂದರೆ ಸುಮಾರು 16 ಕಿಲೋ. 60 ಕಿಲೋ ತೂಕದ ರೋಗಿಯನ್ನು ಇಬ್ಬರು ಪೂರ್ತಿಯಾಗಿ ಎತ್ತಿದರೂ ಆ ಮಿತಿ ದಾಟಿಹೋಗುತ್ತದೆ. ಮಂಚದ ಮೇಲೆ ಬಾಗಿ, ಅದೇ ಹೊತ್ತಿಗೆ ಸೊಂಟ ತಿರುಚಿದಾಗ ಬೆನ್ನುಮೂಳೆಯ ಕೆಳಭಾಗದ ಡಿಸ್ಕ್‌ಗಳ ಮೇಲಿನ ಒತ್ತಡ ಇನ್ನೂ ಏರುತ್ತದೆ.

ಆಟ ನಿಜವಾಗಿ ನೆರವಾಗುವುದು ಎತ್ತುವ ಮೊದಲಿನ ಅರೆಗಳಿಗೆಯಲ್ಲಿ. ರೋಗಿ ತಾನೇ ಕಾಲೂರಬಲ್ಲರೇ, ನಮ್ಮ ಮಾತು ಅವರಿಗೆ ತಿಳಿಯುತ್ತದೆಯೇ, ಮಂಚದ ಚಕ್ರಕ್ಕೆ ಬ್ರೇಕ್ ಬಿದ್ದಿದೆಯೇ, ಮೂತ್ರದ ಚೀಲದ ನಳಿಕೆ ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡಿ, ಎತ್ತುವುದೋ, ಜಾರಿಸುವುದೋ, ಇನ್ನೊಬ್ಬರನ್ನು ಕರೆಯುವುದೋ ಎಂದು ತೀರ್ಮಾನಿಸುವ ಅಭ್ಯಾಸವನ್ನು, ಯಾವ ರೋಗಿಗೂ ಅಪಾಯವಾಗದಂತೆ, ತಪ್ಪುಮಾಡುತ್ತಲೇ ಕಲಿಯಲು ಅಲ್ಲಿ ಅವಕಾಶವಿದೆ. ಬೇಗ ಮುಗಿಸಿದವರಿಗೆ ಹೆಚ್ಚು ಅಂಕ ಕೊಡುವ ಆಟವಾದರೆ ದಯವಿಟ್ಟು ಒಪ್ಪಬೇಡಿ. ಅವಸರವೇ ನಿಮ್ಮ ಬೆನ್ನಿನ ಮೊದಲ ಶತ್ರು. ಸಹಾಯಕ್ಕೆ ಕರೆದವರಿಗೆ ಅಂಕ ಸಿಗಬೇಕು.

ಆಟದಲ್ಲಿ ಜಾರುಹಾಳೆ (ರೋಗಿಯನ್ನು ಎತ್ತದೆ ಜಾರಿಸಲು ಮೈಕೆಳಗೆ ಹಾಸುವ ನುಣುಪು ಹಾಳೆ) ತೋರಿಸಿ ವಾರ್ಡಿನಲ್ಲಿ ಅದನ್ನು ಇಡದಿದ್ದರೆ ಕಲಿತದ್ದು ಕೈಗೆ ಹತ್ತುವುದಿಲ್ಲ. ಮಂಚವನ್ನು ಸೊಂಟದ ಮಟ್ಟಕ್ಕೆ ಏರಿಸುವ ಹಿಡಿ ತುಕ್ಕು ಹಿಡಿದು ತಿರುಗದಿದ್ದರೆ, ರಾತ್ರಿ ಪಾಳಿಯಲ್ಲಿ ಒಬ್ಬರೇ ಇದ್ದರೆ, ತಪ್ಪು ನಿಮ್ಮ ಭಂಗಿಯದಲ್ಲ. ಆಡಳಿತದವರ ಮುಂದೆ ಇದನ್ನು ಸಂಕೋಚವಿಲ್ಲದೆ ಬರವಣಿಗೆಯಲ್ಲಿಡಿ. ಆಟ ಮುಗಿದ ವಾರವೇ ನಿಮ್ಮದೇ ವಾರ್ಡಿನ ಮಂಚದಲ್ಲಿ, ಸಹೋದ್ಯೋಗಿಯೊಬ್ಬರನ್ನು ಮಲಗಿಸಿ, ಫಿಸಿಯೋಥೆರಪಿಸ್ಟ್ ಎದುರಿನಲ್ಲಿ ಅಭ್ಯಾಸ ಮಾಡಿಸಬೇಕೆಂದೂ ಕೇಳಿ.

ಈಗಿರುವ ನೋವನ್ನು ಮಾತ್ರ ಆಟ ಬರುವವರೆಗೆ ಕಾಯಿಸದೆ ವೈದ್ಯರಿಗೆ ತೋರಿಸಿ. ಕಾಲು ಸೋಲುತ್ತಿದ್ದರೆ, ತೊಡೆಸಂದಿನ ಸುತ್ತ ಮರಗಟ್ಟಿದಂತಾದರೆ ಅಥವಾ ಮೂತ್ರದ ಮೇಲೆ ಹತೋಟಿ ತಪ್ಪಿದರೆ ಅಂದೇ ಹೋಗಿ.