ಉಲ್ಮನ್ ಕನ್ಸರ್ಟೊದಲ್ಲಿ ಷಡ್ಜ ಎಲ್ಲಿದೆ?

ಪ್ರಶ್ನೆ: ನಾನು ನಿವೃತ್ತ, ಹಿಂದೂಸ್ತಾನಿ ಕೇಳಿಕೊಂಡೇ ಬೆಳೆದವನು. ಮಗ ಕಳಿಸಿದ ಲಿಂಕಿನಲ್ಲಿ ವಿಕ್ಟರ್ ಉಲ್ಮನ್ ಎಂಬವರ ಪಿಯಾನೊ ಕನ್ಸರ್ಟೊ ಕೇಳಿದೆ. ಅವರನ್ನು ನಾಜಿಗಳು ಕೊಂದರಂತೆ. ಶುರುವಿನಲ್ಲೇ ಅಷ್ಟೊಂದು ಬಡಿತ, ಅಷ್ಟೊಂದು ಕರ್ಕಶ. ಇದು ಕ್ಯಾಂಪಿನ ಹಿಂಸೆಯ ಚಿತ್ರಣವೇ? ಇದಕ್ಕೆ ಅಭಿವ್ಯಕ್ತಿವಾದ ಅನ್ನುತ್ತಾರಂತೆ. ಭಾವದ ಅಭಿವ್ಯಕ್ತಿ ಇಲ್ಲದ ಸಂಗೀತ ಯಾವುದಿದೆ ಸ್ವಾಮಿ?
– ಓದುಗರೊಬ್ಬರು, ಧಾರವಾಡ

ಉತ್ತರ: ಮೊದಲು ತಾರೀಖು ನೋಡಿಬಿಡೋಣ. ಈ ಕನ್ಸರ್ಟೊ (ಆರ್ಕೆಸ್ಟ್ರಾ ಜೊತೆ ಪಿಯಾನೊ ಮುಖ್ಯವಾಗಿ ನುಡಿಯುವ ಕೃತಿ) ಬರೆದದ್ದು 1939ರಲ್ಲಿ, ಪ್ರಾಗ್‌ನಲ್ಲಿ. ಉಲ್ಮನ್‌ರನ್ನು ಟೆರೆಜಿನ್ ಎಂಬ ನಾಜಿ ಬಂಧನ ಕ್ಯಾಂಪಿಗೆ ಸಾಗಿಸಿದ್ದು 1942ರ ಸೆಪ್ಟೆಂಬರ್‌ನಲ್ಲಿ. ಆಶ್ವಿಟ್ಜ್‌ನಲ್ಲಿ ಕೊಂದದ್ದು 1944ರ ಅಕ್ಟೋಬರ್‌ನಲ್ಲಿ. ಅಂದಮೇಲೆ ನೀವು ಕೇಳಿದ ಬಡಿತದಲ್ಲಿ ಕ್ಯಾಂಪು ಇರಲಾರದು. ಅವರ ಸಾವು ನಮಗೆ ಗೊತ್ತು, ಹಾಗಾಗಿ ಪ್ರತಿ ಸ್ವರದಲ್ಲೂ ಅದೇ ಕೇಳಿಸುತ್ತದೆ. ಇದೊಂದು ಚಾಳಿ. ಕಛೇರಿ ಟಿಪ್ಪಣಿ ಬರೆಯುವ ನಮ್ಮಂಥವರಿಗೂ ಅಂಟಿಕೊಂಡಿದೆ.

ಹಾಗೆಂದು 1939 ನೆಮ್ಮದಿಯ ವರ್ಷವೇನಲ್ಲ. ಮಾರ್ಚ್ 15ಕ್ಕೆ ಜರ್ಮನ್ ಸೇನೆ ಪ್ರಾಗ್‌ಗೆ ನುಗ್ಗಿತ್ತು. ಯಹೂದಿ ಮೂಲದ ಸಂಗೀತಗಾರರಿಗೆ ವೇದಿಕೆಯ ಬಾಗಿಲು ಒಂದೊಂದಾಗಿ ಮುಚ್ಚಿತು. ತಮ್ಮ ಹಲವು ಕೃತಿಗಳನ್ನು ಉಲ್ಮನ್ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ, ಕ್ಯಾಂಪಿಗೆ ಹೋಗುವ ಮುಂಚೆ ಸ್ನೇಹಿತರೊಬ್ಬರ ಬಳಿ ಬಿಟ್ಟುಹೋದರು. ಉಳಿದದ್ದು ಹಾಗೆ. ಈ ಕನ್ಸರ್ಟೊವನ್ನು ಆರ್ಕೆಸ್ಟ್ರಾ ಜೊತೆ ಕೇಳುವ ಭಾಗ್ಯ ಅವರಿಗೆ ಸಿಗಲೇ ಇಲ್ಲ. ಅದು ವೇದಿಕೆ ಹತ್ತಿದ್ದು 1990ರ ದಶಕದಲ್ಲಿ.

ಇನ್ನು ನಿಮ್ಮ ತಕರಾರು. ಒಪ್ಪಿದೆ, ಹೆಸರೇ ದಾರಿ ತಪ್ಪಿಸುವಂಥದ್ದು. ನಮ್ಮಲ್ಲಿ ಭಾವವೆಂದರೆ ಹದಗೊಂಡದ್ದು: ಗಾಯಕ ಅಳುವುದಿಲ್ಲ, ಕರುಣ ರಸ ಕೇಳುಗನಲ್ಲಿ ಹುಟ್ಟುತ್ತದೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ವಿಯೆನ್ನಾದ ಸಂಗೀತ ರಚನಕಾರ ಆರ್ನಾಲ್ಡ್ ಶೋನ್‌ಬರ್ಗ್ ಹಿಡಿದ ದಾರಿ ಇದಕ್ಕೆ ತದ್ವಿರುದ್ಧ. ಅಭಿವ್ಯಕ್ತಿವಾದ ಅನ್ನುವುದು ಆ ದಾರಿಗೇ. ಹದಗೊಳ್ಳುವ ಮುಂಚಿನ ಭಾವವೇ ಅವರಿಗೆ ಬೇಕಾಗಿತ್ತು. 1909ರಲ್ಲಿ ಬರೆದ, ಒಬ್ಬಳೇ ಗಾಯಕಿಯ ಒಪೆರಾ ‘ಎರ್ವಾರ್ಟುಂಗ್’ ನೋಡಿ. ರಾತ್ರಿ ಕಾಡಿನಲ್ಲಿ ಪ್ರಿಯಕರನನ್ನು ಹುಡುಕುವ ಹೆಂಗಸಿಗೆ ಅವನ ಹೆಣ ಕಾಲಿಗೆ ತಾಗುತ್ತದೆ. ಅರ್ಧ ಗಂಟೆಯ ಆ ಸಂಗೀತದಲ್ಲಿ ಹಿಂದಿರುಗಿ ಬರುವ ಪಲ್ಲವಿ ಇಲ್ಲ, ಆಧಾರ ಷಡ್ಜವೂ ಇಲ್ಲ. ಗಾಬರಿಗೆ ಬಿದ್ದ ಮನಸ್ಸಿಗೆ ತಂಬೂರಿ ಕೇಳಿಸುವುದಿಲ್ಲವಲ್ಲ!

ಈ ಕೃತಿ ಮೊದಲು ರಂಗಕ್ಕೆ ಬಂದದ್ದು 1924ರಲ್ಲಿ, ಪ್ರಾಗ್‌ನ ಹೊಸ ಜರ್ಮನ್ ಥಿಯೇಟರಿನಲ್ಲಿ. ಆರ್ಕೆಸ್ಟ್ರಾ ನಡೆಸಿದವರು ಅಲೆಕ್ಸಾಂಡರ್ ಜೆಮ್ಲಿನ್‌ಸ್ಕಿ. ಅವರ ಕೈಕೆಳಗೆ ಅದೇ ಥಿಯೇಟರಿನಲ್ಲಿ ದುಡಿಯುತ್ತಿದ್ದವರು ಉಲ್ಮನ್. ಅದಕ್ಕೂ ಮುಂಚೆ ವಿಯೆನ್ನಾದಲ್ಲಿ ಸ್ವತಃ ಶೋನ್‌ಬರ್ಗ್ ಬಳಿ ಕಲಿತವರು. ಅಂದರೆ ಈ ಭಾಷೆ ಅವರಿಗೆ ನಾಜಿಗಳು ಕೊಟ್ಟ ಏಟಿನಿಂದ ಬಂದದ್ದಲ್ಲ, ಇಪ್ಪತ್ತರ ಹರೆಯದಲ್ಲೇ ಕೈವಶವಾಗಿತ್ತು. ನಾಜಿಗಳು 1938ರಲ್ಲಿ ಡ್ಯೂಸೆಲ್‌ಡಾರ್ಫ್‌ನಲ್ಲಿ ‘ಕೆಟ್ಟು ಹೋದ ಸಂಗೀತ’ ಅಂತ ಪ್ರದರ್ಶನವನ್ನೇ ಇಟ್ಟು ಶೋನ್‌ಬರ್ಗ್ ಮತ್ತು ಅವರಂಥವರ ಮಾನ ಹರಾಜಿಗಿಟ್ಟಿದ್ದರು. ಮರುವರ್ಷವೇ ಅದೇ ಭಾಷೆಯಲ್ಲಿ ಕನ್ಸರ್ಟೊ ಬರೆಯಲು ಕೂತರೆಂದರೆ, ಅದರಲ್ಲಿ ಘೋಷಣೆ ಹುಡುಕುವ ಅಗತ್ಯ ನನಗಂತೂ ಕಾಣುವುದಿಲ್ಲ.

ಆದರೆ ಉಲ್ಮನ್ ಗುರುವಿನ ಪಡಿಯಚ್ಚಲ್ಲ. ಹನ್ನೆರಡು ಸ್ವರಗಳನ್ನೂ ಸರಿಸಮನಾಗಿ ಬಳಸುವ ಆಸೆ ಇದ್ದರೂ ಷಡ್ಜವನ್ನು ಪೂರ್ತಿ ಕೈಬಿಡಲು ಅವರಿಗೆ ಮನಸ್ಸಿಲ್ಲ. ನಿಮ್ಮಂಥ ಕಿವಿಗೆ ಇದೇ ಮೆಟ್ಟಿಲು. ಮೊದಲ ಭಾಗದಲ್ಲಿ ಪಿಯಾನೊ ತಂತಿವಾದ್ಯ ಅನ್ನುವುದೇ ಮರೆತುಹೋಗುವಷ್ಟು ಜೋರಾಗಿ, ತಾಳವಾದ್ಯದ ಹಾಗೆ ಮಾತಾಡುತ್ತದೆ. ಅಲ್ಲಿ ರಾಗ ಹುಡುಕಬೇಡಿ. ಲಯ ಹಿಡಿದುಕೊಂಡು ಹೋಗಿ, ತನಿ ಆವರ್ತನ ಕೇಳುವಾಗ ಮಾಡುವ ಹಾಗೆ. ಎರಡನೆಯ ಭಾಗ ವಿಳಂಬ. ಸ್ವರವೊಂದು ನಿಲ್ದಾಣಕ್ಕೆ ಬಂದೇಬಿಟ್ಟಿತು ಅನ್ನಿಸುತ್ತದೆ, ಕೆಳಗಿನ ಸ್ವರಗಳು ಮೆಲ್ಲಗೆ ಜಾರಿ ಅದೇ ಸ್ವರ ಪರದೇಶಿಯಾಗುತ್ತದೆ. ಷಡ್ಜ ಹಿಡಿದು ಹಾಡುತ್ತಿರುವಾಗ ಯಾರೋ ತಂಬೂರಿಯ ಬಿರಡೆ ತಿರುಗಿಸಿದರೆ ಹೇಗಿರುತ್ತದೆ, ಹಾಗೆ. ನನ್ನ ಮಟ್ಟಿಗೆ ಕೃತಿಯ ಜೀವ ಇರುವುದು ಇಲ್ಲಿ, ಬಡಿತದಲ್ಲಲ್ಲ. ಮೂರನೆಯದು ಗಳಿಗೆಯಲ್ಲಿ ಮುಗಿಯುವ ಕುಚೋದ್ಯ, ನಾಲ್ಕನೆಯದು ಓಟ. ಎಲ್ಲ ಸೇರಿ ಸುಮಾರು ಇಪ್ಪತ್ತು ನಿಮಿಷ.

ನಡುವೆ ಒಂದು ಮಾತು. ಇದೇ ಪ್ರಾಗ್‌ನಲ್ಲಿ ಓದಿದ ಇನ್ನೊಬ್ಬ ಯಹೂದಿ ಸಂಗೀತಗಾರ ವಾಲ್ಟರ್ ಕೌಫ್‌ಮನ್ 1934ರಲ್ಲೇ ಬೊಂಬಾಯಿಯ ಹಡಗು ಹತ್ತಿದರು. ಬೆಳಿಗ್ಗೆ ರೇಡಿಯೊ ತಿರುಗಿಸಿದರೆ ಬರುತ್ತಿದ್ದ ಆಕಾಶವಾಣಿಯ ಆ ಪಿಟೀಲಿನ ಧುನಿ ಅವರದ್ದೆಂದೇ ಹೆಸರಾಗಿದೆ. ನೀವು ಅದನ್ನು ಸಾವಿರ ಸಲ ಕೇಳಿರುತ್ತೀರಿ. ಉಲ್ಮನ್ ಹೋಗಲಿಲ್ಲ, ಅಥವಾ ಹೋಗಲಾಗಲಿಲ್ಲ.

ಕೇಳುವ ಕ್ರಮ ಕೇಳಿಲ್ಲ ನೀವು, ಆದರೂ ಹೇಳುತ್ತೇನೆ. ಎರಡನೆಯ ಭಾಗವನ್ನೇ ಮೊದಲು ಕೇಳಿ, ಹೆಡ್‌ಫೋನ್ ಹಾಕಿಕೊಂಡು, ಎರಡು ದಿನ ಬರೀ ಅದನ್ನೇ. ಆಮೇಲೆ ಶುರುವಿಗೆ ಬನ್ನಿ. ಹಾಗೆ ಕೇಳುವಾಗ ಇನ್ನೊಂದು ನೆನಪಿರಲಿ: ಈ ಕನ್ಸರ್ಟೊ ಯೂಲಿಯೆಟ್ ಆರಾನ್ಯಿ ಎಂಬ ಪಿಯಾನೊ ಕಲಾವಿದೆಗೆ ಅರ್ಪಣೆಯಾಗಿದೆ. ಆಕೆಯೂ ಟೆರೆಜಿನ್ ಸೇರಿದರು, ಅಲ್ಲಿನ ಕೈದಿಗಳಿಗೆ ಪಿಯಾನೊ ನುಡಿಸಿದರು, ಆಶ್ವಿಟ್ಜ್‌ನಲ್ಲಿ ತೀರಿಕೊಂಡರು. ಮೊದಲ ಭಾಗದ ಆ ಬಡಿತ ಆಕೆಯ ಬೆರಳುಗಳಿಗೆಂದು ಬರೆದದ್ದು.