ದಾಳ ಉರುಳದ ಎಪಿಸೋಡು ಆಟ ಹೌದೋ ಅಲ್ಲವೋ?

ನಿಮ್ಮ ಪ್ರಶ್ನೆ ಓದಿದೆ. ಬಾಗಲಕೋಟೆಯಲ್ಲಿ ನೀವು ನಾಲ್ಕು ಜನ ಗೆಳೆಯರು, ದಾಳದ ಆಟ ಆಡುತ್ತಾ ಕಥೆ ಕಟ್ಟುವ ‘ದಿ ಅಡ್ವೆಂಚರ್ ಝೋನ್’ ಪಾಡ್‌ಕಾಸ್ಟನ್ನು ಮೊದಲಿನಿಂದ ಕೇಳುತ್ತಾ ಬಂದಿದ್ದೀರಿ. ‘ದಿ ಸ್ಟೋಲನ್ ಸೆಂಚುರಿ’ ಭಾಗಕ್ಕೆ ಬಂದಾಗ ಜಗಳ ಶುರುವಾಗಿದೆ. ಇಬ್ಬರು ಕೇಳಿ ಅತ್ತಿದ್ದಾರೆ. ಒಬ್ಬರು “ದಾಳ ಇಲ್ಲ, ಹೊಡೆದಾಟ ಇಲ್ಲ, ಇದು ಆಟ ಅಲ್ಲ, ರೇಡಿಯೋ ನಾಟಕ” ಅಂತ ಕೇಳುವುದನ್ನೇ ಬಿಟ್ಟಿದ್ದಾರೆ. ಯಾರು ಸರಿ ಅಂತ ನಿಮ್ಮ ಪ್ರಶ್ನೆ.

ಅದು ಆಟವೇ. ಇದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಬಿಟ್ಟು ಎದ್ದ ಗೆಳೆಯನ ಮಾತನ್ನೂ ಸುಮ್ನೆ ತಳ್ಳಿಹಾಕಬೇಡಿ, ಅದರಲ್ಲಿ ತೂಕ ಇದೆ. ನಾನು ಬೆಳಗಾವಿಯವನು. ಇಲ್ಲಿ ನಮ್ಮದೂ ಒಂದು ಸಣ್ಣ ಗುಂಪಿದೆ, ಅರ್ಧ ಕನ್ನಡ, ಅರ್ಧ ಮರಾಠಿ. ಭಾನುವಾರ ಸಂಜೆ ಟಿಳಕವಾಡಿಯಲ್ಲಿ ಯಾರದಾದರೂ ಮನೆಯಲ್ಲಿ ಸೇರಿ, ಕೇಳಿದ ಎಪಿಸೋಡಿನ ಬಗ್ಗೆ ಮಾತಾಡುತ್ತೇವೆ. ಇದೇ ವಾದ ನಮ್ಮಲ್ಲೂ ಬಂತು, ಬಹಳ ದಿನ ಎಳೆಯಿತು. ಇಲ್ಲಿಂದ ಮುಂದೆ ಕಥೆಯ ಗುಟ್ಟುಗಳು ಬರುತ್ತವೆ. ಸ್ಟೋಲನ್ ಸೆಂಚುರಿಯ ಏಳು ಅಧ್ಯಾಯ ಕೇಳಿ ಮುಗಿಸದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ.

ಹೊಸಬರಿಗಾಗಿ ಎರಡು ಮಾತು. ಮೆಕೆಲ್ರಾಯ್ ಮನೆಯ ಮೂವರು ಅಣ್ಣತಮ್ಮಂದಿರು ಮತ್ತು ಅವರ ಅಪ್ಪ 2014ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಲು ಕೂತರು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಮುಂದುವರಿಸುವ ಆಟ ಅದು. ಕಿರಿಯವನಾದ ಗ್ರಿಫಿನ್ ಡಿಎಂ, ಅಂದರೆ ಡಂಜನ್ ಮಾಸ್ಟರ್, ಕಥೆ ನಡೆಸುವವನು. ಟ್ರಾವಿಸ್ ಆಡುವುದು ಯೋಧ ಮ್ಯಾಗ್ನಸ್, ಜಸ್ಟಿನ್ ಆಡುವುದು ಮಾಂತ್ರಿಕ ಟಾಕೋ, ಅಪ್ಪ ಕ್ಲಿಂಟ್ ಆಡುವುದು ಪೂಜಾರಿ ಮರ್ಲ್. ಆರಂಭದ ಕಥೆ ಅವರದಲ್ಲ, ಸ್ಟಾರ್ಟರ್ ಸೆಟ್ ಪೆಟ್ಟಿಗೆಯ ಜೊತೆ ಬರುವ ಸಿದ್ಧ ಕಥೆ. ಬರಬರುತ್ತಾ ಅದು ಗ್ರಿಫಿನ್ ಕಟ್ಟಿದ ದೊಡ್ಡ ಕಥೆಯಾಯಿತು. 69 ಎಪಿಸೋಡು ನಡೆದು 2017ರ ಆಗಸ್ಟಿನಲ್ಲಿ ಮುಗಿಯಿತು.

ಈಗ ವಿಷಯಕ್ಕೆ ಬರೋಣ. ದಾಳ ಯಾಕೆ ಉರುಳಿಸುತ್ತಾರೆ? 2014ರ ಐದನೇ ಆವೃತ್ತಿಯ ನಿಯಮ ಸರಳವಾಗಿದೆ. ಮಾಡಹೊರಟ ಕೆಲಸ ಕೈತಪ್ಪುವ ಸಂಭವ ಇದ್ದಾಗ ಡಿಎಂ ದಾಳ ಕೇಳುತ್ತಾನೆ. ಗೋಡೆ ಹತ್ತಬೇಕು, ಮುಟ್ಟಬೇಕಾದ ಅಂಕಿ 15, ನಿಮ್ಮ ಕ್ಯಾರೆಕ್ಟರಿನ ಬಲಕ್ಕೆ 5 ಕೂಡುತ್ತದೆ ಅಂದುಕೊಳ್ಳಿ. ಇಪ್ಪತ್ತು ಮುಖದ ದಾಳದಲ್ಲಿ 10 ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಹತ್ತಿದಿರಿ. ಅಂದರೆ ನೂರಕ್ಕೆ 55 ಸಲ ಗೆಲ್ಲುತ್ತೀರಿ. “ಹತ್ತಲು ಆಗುತ್ತದಾ?” ಅನ್ನುವುದಕ್ಕೆ ದಾಳ ಉತ್ತರ ಕೊಡುತ್ತದೆ. “ಹತ್ತಬೇಕಾ?” ಅನ್ನುವುದಕ್ಕೆ ದಾಳದ ಹತ್ತಿರ ಉತ್ತರ ಇಲ್ಲ, ಅದನ್ನು ಆಟಗಾರನೇ ಹೇಳಬೇಕು. ಕಥೆಯ ಎಪಿಸೋಡು ಅಂತ ನಾವು ಕರೆಯುವುದರಲ್ಲಿ ಈ ಎರಡನೇ ಜಾತಿಯ ಪ್ರಶ್ನೆಗಳೇ ಜಾಸ್ತಿ ಇರುತ್ತವೆ.

‘ದಿ ಇಲೆವೆಂತ್ ಅವರ್’ ಭಾಗ ನೆನಪಿದೆ ಅಲ್ವಾ? ಒಂದೇ ಗಂಟೆ ಮತ್ತೆ ಮತ್ತೆ ಮರಳಿ ಬರುವ ಊರು. ಕೊನೆಗೆ ಅಲ್ಲಿನ ಮಾಯದ ಬಟ್ಟಲು ಮೂವರಿಗೂ ಆಸೆ ತೋರಿಸುತ್ತದೆ: ಹಿಂದಕ್ಕೆ ಹೋಗು, ನಿನ್ನ ಬದುಕನ್ನು ತಿದ್ದಿಕೋ. ಮ್ಯಾಗ್ನಸ್‌ಗೆ ಸತ್ತ ಹೆಂಡತಿ ಜೂಲಿಯಾಳನ್ನು ಉಳಿಸಿಕೊಳ್ಳುವ ದಾರಿ ಕಣ್ಣೆದುರಿಗೇ ಇತ್ತು. ಇಲ್ಲಿ ದಾಳ ಉರುಳಿಸಿ ಅಂದಿದ್ದರೆ ಆ ಗಳಿಗೆಯೇ ಹಾಳಾಗುತ್ತಿತ್ತು. ಮ್ಯಾಗ್ನಸ್ ಬೇಡ ಅಂದ. ಟ್ರಾವಿಸ್ ಹೂಂ ಅಂದಿದ್ದರೆ ಗ್ರಿಫಿನ್ ಮುಂದಿನದನ್ನೆಲ್ಲ ಬೇರೆ ರೀತಿ ಕಟ್ಟಬೇಕಾಗುತ್ತಿತ್ತು. ಡಿಎಂ ಕೇಳಿದ ಪ್ರಶ್ನೆಗೆ ಆಟಗಾರ ಎರಡು ರೀತಿ ಉತ್ತರ ಕೊಡಬಹುದು, ಮತ್ತು ಆ ಉತ್ತರದಿಂದ ಮುಂದಿನದು ಬದಲಾಗುತ್ತದೆ. ನನ್ನ ಲೆಕ್ಕದಲ್ಲಿ ಆಟ ಅಂದರೆ ಇಷ್ಟೇ.

ನಿಮ್ಮ ಗೆಳೆಯ ಇಲ್ಲೊಂದು ಗಟ್ಟಿ ತಕರಾರು ಎತ್ತಬಹುದು. ಸ್ಟೋಲನ್ ಸೆಂಚುರಿ ನಡೆಯುವುದು ಹಿಂದಿನ ಕಾಲದಲ್ಲಿ. ಮ್ಯಾಗ್ನಸ್, ಟಾಕೋ, ಮರ್ಲ್ ಸೇರಿ ಏಳು ಜನ ಒಂದು ಹಡಗಿನಲ್ಲಿ ನೂರು ವರ್ಷ, ವರ್ಷಕ್ಕೊಂದು ಲೋಕ ದಾಟುತ್ತಾ, ಎಲ್ಲವನ್ನೂ ನುಂಗುವ ‘ಹಂಗರ್’ನಿಂದ ತಪ್ಪಿಸಿಕೊಂಡು ಓಡುತ್ತಾರೆ. ಕೊನೆಗೆ ಅವರಲ್ಲೇ ಒಬ್ಬಳಾದ ಲುಕ್ರೀಷಿಯಾ ಉಳಿದವರ ನೆನಪು ಅಳಿಸುತ್ತಾಳೆ. ಎಲ್ಲಿಗೆ ಮುಟ್ಟಬೇಕು ಅನ್ನುವುದು ಮೊದಲೇ ನಿಂತುಬಿಟ್ಟಿದೆ. ಹಾಗಿದ್ದ ಮೇಲೆ ಆಟಗಾರರ ಕೈಯಲ್ಲಿ ಉಳಿದದ್ದೇನು? ನಮ್ಮ ಗುಂಪು ಹೆಚ್ಚು ಹೊತ್ತು ನಿಂತದ್ದು ಇಲ್ಲೇ.

ಇದಕ್ಕೆ ದಾರಿ ತೋರಿಸಿದವರು ಗೆಳೆಯನೊಬ್ಬನ ಕಾಕಾ. ಅವರಿಗೆ ಪಾಡ್‌ಕಾಸ್ಟ್ ಗೊತ್ತಿಲ್ಲ. ಆದರೆ ಹರೆಯದಲ್ಲಿ ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತನ ಪಾತ್ರ ಮಾಡಿದವರು. ಪಾರಿಜಾತ ನಮ್ಮ ಸೀಮೆಯ ಬಯಲಾಟ. ಅದಕ್ಕೆ ರೂಪ ಕೊಟ್ಟವರು ಅಂತ ಹೆಸರಾದ ತಮ್ಮಣ್ಣನ ಊರು ಕುಲಗೋಡ ನಮ್ಮ ಜಿಲ್ಲೆಯಲ್ಲೇ ಇದೆ. ಪಾರಿಜಾತದ ಹೂವು ರುಕ್ಮಿಣಿಗೆ ಸಿಕ್ಕಿತು ಅಂತ ಸತ್ಯಭಾಮೆ ಮುನಿಸಿಕೊಳ್ಳುವ ಕಥೆ ಊರಿನ ಮಕ್ಕಳಿಗೂ ಗೊತ್ತು. ಆದರೂ ಜನ ರಾತ್ರಿಯಿಡೀ ಕೂತು ನೋಡುತ್ತಾರೆ. ನಮ್ಮ ವಾದ ಕೇಳಿಸಿಕೊಂಡು ಕಾಕಾ ಅಂದದ್ದು: “ಪದಾ ಎಲ್ಲಾರಿಗೂ ಬಾಯಿಪಾಠ ಇರತಾವು. ಮಾತು ಮಾತ್ರ ಆ ರಾತ್ರಿಗೇ ಹುಟ್ಟಬೇಕು. ನಾ ಏನ ಕೇಳತೀನಿ ಅಂತ ಭಾಮಾಗ ಗೊತ್ತಿರಂಗಿಲ್ಲ. ಆಕಿ ಏನ ಅಂತಾಳ ಅಂತ ನನಗೂ ಗೊತ್ತಿರಂಗಿಲ್ಲ.”

ಸ್ಟೋಲನ್ ಸೆಂಚುರಿಯಲ್ಲಿ ಗ್ರಿಫಿನ್ ಮಾಡಿದ್ದೂ ಅದನ್ನೇ. ಶುರು ಮತ್ತು ಕೊನೆ ಅವನವು. ನಡುವಿನ ನೂರು ವರ್ಷ ಹೇಗೆ ಕಳೆದಿರಿ ಅಂತ ಆಟಗಾರರನ್ನು ಕೇಳುತ್ತಾನೆ. ಅಂದಹಾಗೆ, ದಾಳ ಪೂರ್ತಿ ಇಲ್ಲ ಅನ್ನುವುದೂ ಸರಿಯಲ್ಲ. ನಿಯಮ ಸಡಿಲ ಮಾಡಿ ದಾಳ ಕಡಿಮೆ ಮಾಡಿದ್ದಾರೆ, ಅಷ್ಟೇ.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಮರ್ಲ್ ಮತ್ತು ಜಾನ್ ಮಾತುಕತೆ. ಜಾನ್ ಅಂದರೆ ಹಂಗರ್‌ನ ಒಳಗಿರುವ ದನಿ, ಒಂದು ಕಾಲದಲ್ಲಿ ಮನುಷ್ಯನಾಗಿದ್ದವನು. ಮರ್ಲ್ ಒಬ್ಬನೇ ಅವನೆದುರು ಕೂತು ಮಾತಾಡುತ್ತಾನೆ. ಮಾತು ಮುಗಿದಾಗ ಜಾನ್ ಅವನನ್ನು ಕೊಲ್ಲುತ್ತಾನೆ. ಹೊಸ ಲೋಕಕ್ಕೆ ಹಡಗು ದಾಟಿದಾಗ ಮರ್ಲ್‌ಗೆ ಜೀವ ಮರಳುತ್ತದೆ. ಮತ್ತೆ ಹೋಗಿ ಅದೇ ಜಾನ್ ಎದುರು ಕೂರುತ್ತಾನೆ, ಸಾಯುತ್ತೇನೆ ಅಂತ ಗೊತ್ತಿದ್ದೂ. ಕತ್ತಿ ಇಲ್ಲ, ಮಂತ್ರದ ಹೊಡೆತ ಇಲ್ಲ. ಒಂದು ಕಡೆ ಅಪ್ಪ ಕ್ಲಿಂಟ್, ಇನ್ನೊಂದು ಕಡೆ ಮಗ ಗ್ರಿಫಿನ್ ಲೋಕ ನುಂಗುವವನ ದನಿಯಲ್ಲಿ ಬದುಕಿಗೆ ಅರ್ಥ ಇದೆಯಾ ಅಂತ ವಾದ ಹೂಡುತ್ತಾನೆ. ಅಲ್ಲಿಯವರೆಗೆ ಮರ್ಲ್ ಬಹುಪಾಲು ನಗಿಸುವ ಪಾತ್ರ. ಈ ಮಾತುಕತೆಯಲ್ಲಿ ಕ್ಲಿಂಟ್ ಅವನೊಳಗೆ ಒಬ್ಬ ಮೆತ್ತಗಿನ, ಹಟಬಿಡದ ಮನುಷ್ಯನನ್ನು ಕಂಡುಕೊಂಡಿದ್ದಾರೆ. ಯಾವ ನ್ಯಾಟ್ 20, ಅಂದರೆ ದಾಳದಲ್ಲಿ ನೇರವಾಗಿ 20, ಬಿದ್ದರೂ ಇದು ಸಿಗುತ್ತಿರಲಿಲ್ಲ.

ಹಳೆಯ ಎಪಿಸೋಡುಗಳ ತೂಕವೂ ಇಲ್ಲಿ ಬದಲಾಗುತ್ತದೆ. ಮೊದಲ ಕಥೆಯಲ್ಲಿ ಫ್ಯಾಂಡಲಿನ್ ಊರು ಬೆಂಕಿಯ ಕೈಗವಸಿಗೆ ಸಿಕ್ಕು ಕರಿಗಾಜಾಗಿ ಹೋಯಿತಲ್ಲ, ಆ ಕೈಗವಸು ಮಾಡಿದವಳು ಲಪ್, ಹಡಗಿನ ಆ ಏಳು ಜನರಲ್ಲಿ ಒಬ್ಬಳು, ಟಾಕೋನ ಅವಳಿ ಸೋದರಿ. ಇದು ಗೊತ್ತಾದ ಮೇಲೆ ಆ ಮೊದಲ ಎಪಿಸೋಡುಗಳನ್ನು ಮತ್ತೆ ಕೇಳಿ ನೋಡಿ, ಎದೆ ಭಾರವಾಗುತ್ತದೆ.

ಹಾಗಂತ ದಾಳ ಕಡಿಮೆ ಇರುವ ಎಪಿಸೋಡೆಲ್ಲ ಚಂದ ಅಂತ ನಾನು ಹೇಳುವುದಿಲ್ಲ. ಈ ಜಾತಿಯ ಪಾಡ್‌ಕಾಸ್ಟ್‌ಗಳಲ್ಲಿ ಡಿಎಂ ಒಬ್ಬನೇ ಬರೆದಿಟ್ಟಿದ್ದನ್ನು ಉದ್ದಕ್ಕೆ ಓದುತ್ತಾ ಹೋಗಿ, ಆಟಗಾರರು ಬರೀ “ಅಯ್ಯೋ”, “ಹೌದಾ” ಅಂತ ಕೂತಿರುವ ಎಪಿಸೋಡು ಬೇಕಾದಷ್ಟು ಸಿಗುತ್ತವೆ. ಸ್ಟೋಲನ್ ಸೆಂಚುರಿಯಲ್ಲೂ ಅಂಥ ಜಾಗಗಳಿವೆ, ಮೊದಲ ಅಧ್ಯಾಯದಲ್ಲಿ ವಿವರಣೆಯ ಭಾರ ಜಾಸ್ತಿ. ನಿಮ್ಮ ಗೆಳೆಯ ಅಲ್ಲೇ ಎದ್ದುಹೋಗಿದ್ದರೆ ನನಗೆ ಅರ್ಥವಾಗುತ್ತದೆ. ಅವನ ಮಾತು ಆ ಜಾಗಗಳಿಗೆ ಸರಿ. ಇಡೀ ಏಳು ಅಧ್ಯಾಯಕ್ಕೆ ಸರಿಯಲ್ಲ.

ಮುಂದಿನ ಸಲ ಕೂತಾಗ ನಮ್ಮ ಗುಂಪು ಮಾಡುವಂತೆ ಮಾಡಿ ನೋಡಿ. ಎಪಿಸೋಡು ಚೆನ್ನಾಗಿತ್ತಾ ಅಂತ ಶುರು ಮಾಡಬೇಡಿ, ಇಷ್ಟ ಇಲ್ಲದವನು ಅಲ್ಲೇ ಮುಚ್ಚಿಕೊಳ್ಳುತ್ತಾನೆ. ಡಿಎಂ ನಿಜವಾಗಿ ಆಯ್ಕೆ ಕೊಟ್ಟದ್ದು ಎಲ್ಲೆಲ್ಲಿ, ಆಟಗಾರನ ಉತ್ತರ ಕೇಳಿ ಅವನೇ ತಡವರಿಸಿದ್ದು ಎಲ್ಲಿ ಅಂತ ಹುಡುಕಿ. ತಡವರಿಸುವ ಜಾಗ ಮುಖ್ಯ. ಬರೆದಿಟ್ಟುಕೊಂಡ ನಾಟಕದಲ್ಲಿ ಅದು ಸಿಗುವುದಿಲ್ಲ. ಒಂದೂವರೆ ಪಟ್ಟು ವೇಗದಲ್ಲಿ ಮಾತ್ರ ಕೇಳಬೇಡಿ, ಆ ನಿಲುಗಡೆಗಳೇ ಕಾಣೆಯಾಗುತ್ತವೆ.

ಬಿಟ್ಟುಹೋದ ಗೆಳೆಯನಿಗೆ ಏಳೂ ಅಧ್ಯಾಯ ಮತ್ತೆ ಕೇಳು ಅಂತ ಒತ್ತಾಯ ಮಾಡಬೇಡಿ. ಮರ್ಲ್ ಮತ್ತು ಜಾನ್ ಕೂತು ಮಾತಾಡುವ ಭಾಗಗಳನ್ನಷ್ಟೇ ಕೇಳಿಸಿ. ಅಲ್ಲಿಂದ ನೇರವಾಗಿ ಕೊನೆಯ ಮೂರು ಎಪಿಸೋಡಿಗೆ, ‘ಸ್ಟೋರಿ ಅಂಡ್ ಸಾಂಗ್’ಗೆ ಕರೆದುಕೊಂಡು ಬನ್ನಿ. ಅವನು ಕೇಳುವ ಹೊಡೆದಾಟ, ದಾಳ ಎಲ್ಲ ಅಲ್ಲಿ ವಾಪಸ್ ಬರುತ್ತವೆ. ಜಾನ್ ಕೂಡ ಬರುತ್ತಾನೆ. ಮರ್ಲ್ ಅವನ ಜೊತೆ ಅಷ್ಟು ವರ್ಷ ಮಾತಾಡಿದ್ದಕ್ಕೆ ಏನು ಫಲ ಸಿಕ್ಕಿತು ಅನ್ನುವುದನ್ನು ಅವನೇ ಕೇಳಲಿ, ನೀವು ಮೊದಲೇ ಹೇಳಬೇಡಿ.